ಒಂಟಿಗೈ ಅಂಗಿ

೪ ಸೆಪ್ಟೆಂಬರ್, ಬೆಳಿಗ್ಗೆ

ಟೇಪು ಮುಗಿದಿದೆ. ಕತ್ತರಿ ಸಿಗಲಿಲ್ಲ, ಅರ್ಧ ಗಂಟೆ ಹುಡುಕಿದೆ — ನನ್ನ ಮಡಿಲಲ್ಲೇ ಇತ್ತು. ಹತ್ತರೊಳಗೆ ಕವರುಗಳು ಕೊರಿಯರ್ ಅಂಗಡಿ ಸೇರದಿದ್ದರೆ ನಾನು ಅಂಗಿ ಮಾರುವ ಆಪ್‌ನಲ್ಲಿ ಅಂಗಡಿಯ ಹೆಸರಿನ ಪಕ್ಕ ಕೆಂಪು ಚುಕ್ಕೆ. ಚುಕ್ಕೆ ಬಿತ್ತೆಂದರೆ ನನ್ನ ಅಂಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಂಕಿನ ಕೆಲಸ ಬಿಟ್ಟಾಗ 'ಇನ್ನು ನನಗೆ ನಾನೇ ಬಾಸ್' ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗಿನ ಬಾಸ್‌ಗೆ ಮುಖವೂ ಇಲ್ಲ, ಭಾನುವಾರವೂ ಇಲ್ಲ.

ನಿನ್ನೆ ಬಂದ ಮೆಸೇಜುಗಳಲ್ಲಿ ಒಂದು: 'ಒಂಟಿಗೈ ಅಂಗಿ ಅಂದ್ರೆ ಒಂದೇ ತೋಳು ಇರುತ್ತಾ?' ನಾದಿನಿ ಗಟ್ಟಿಯಾಗಿ ಓದಿದಳು. ಮಾವ ನಕ್ಕೂ ನಕ್ಕೂ ಕೆಮ್ಮು ಬಂತು. "ಅರ್ಧ ರೇಟಿಗೆ ಕೊಡ್ತೀವಿ ಅನ್ನು" ಎಂದರು.

೬ ಸೆಪ್ಟೆಂಬರ್

ಮಾವನ ಹೊಸ ವಿಡಿಯೋ ಹಾಕಿದೆವು. ಮುಖ ಕಾಣಿಸುವುದಿಲ್ಲ, ಕೈ ಮಾತ್ರ. ಎಡಗೈ ಎರಡು ಅಂಚುಗಳನ್ನು ಹತ್ತಿರ ತರುತ್ತದೆ — ಟಕ್, ಟಕ್, ಟಕ್. ಅಂಗಿ ಮುಚ್ಚಿಕೊಂಡಿತು. ನೋಡುವವರಿಗೆ ಮಾಮೂಲಿ ಗುಂಡಿ. ಗುಂಡಿಯ ಹಿಂದೆ ಬಟ್ಟೆಯೊಳಗೆ ಹೊಲಿದಿರುವುದು ಪುಟ್ಟ ಅಯಸ್ಕಾಂತ.

ಸ್ಟ್ರೋಕ್ ಆದಮೇಲೆ ಮಾವನ ಬಲಗೈ ಏಳಲೇ ಇಲ್ಲ. ದಿನಾ ಬೆಳಿಗ್ಗೆ ನಾನು ಗುಂಡಿ ಹಾಕುವಾಗ ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಮೊದಲ ಅಂಗಿ ಹೊಲಿದುಕೊಟ್ಟ ದಿನ ಮಧ್ಯಾಹ್ನದವರೆಗೆ ಹಾಕಿದ್ದೂ ಹಾಕಿದ್ದೇ, ಬಿಚ್ಚಿದ್ದೂ ಬಿಚ್ಚಿದ್ದೇ. ಅದನ್ನು ನೋಡಿಯೇ ನಾನು ಕೆಲಸ ಬಿಟ್ಟದ್ದು. ಬುದ್ಧಿ ಇದ್ದವರು ಬಿಡುತ್ತಿರಲಿಲ್ಲವೇನೋ.

"ನನ್ನ ಕೈಗೆ ಎಷ್ಟು ಜನ ಲೈಕ್ ಒತ್ತಿದ್ರು?" ಸಂಜೆ ಹೊತ್ತಿಗೆ ಮೂರನೇ ಸಲ ಕೇಳಿದರು.

"ತುಂಬಾ ಜನ, ಮಾವ."

"ಮುಖ ತೋರಿಸಿದ್ರೆ ಇನ್ನೂ ಒತ್ತೋರು."

೭ ಸೆಪ್ಟೆಂಬರ್

ಆಪ್‌ನ ದೊಡ್ಡ ಸೇಲ್ ಶುರು. ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲ್ ತುಂಬ ಅಂಗಿ. ಇವರು ಡ್ಯೂಟಿ ಮುಗಿಸಿ ಬಂದವರು ಚಪ್ಪಲಿ ಬಿಡಲು ಜಾಗ ಸಿಗದೆ ಬಾಗಿಲಲ್ಲೇ ನಿಂತು ನಕ್ಕರು. ಆಮೇಲೆ ಅಲ್ಲೇ ಕುಳಿತು ವಿಳಾಸದ ಚೀಟಿ ಅಂಟಿಸಿದರು.

ನಾದಿನಿ ಎಲ್ಲ ಪ್ರಶ್ನೆಗೂ ಆಟೋ ರಿಪ್ಲೈ ಹಾಕಿಟ್ಟಿದ್ದಾಳೆ, ಹೋದ ತಿಂಗಳೇ. ತಡವಾಗಿ ಉತ್ತರ ಕೊಟ್ಟರೆ ಆಪ್‌ನ ಪಟ್ಟಿಯಲ್ಲಿ ಅಂಗಡಿ ಕೆಳಗಿಳಿಯುತ್ತದಂತೆ. "ಅತ್ತಿಗೆ, ನಾವು ಮಲಗಿದ್ರೂ ಅದು ವ್ಯಾಪಾರ ಮಾಡ್ತಿರುತ್ತೆ" ಎನ್ನುತ್ತಾಳೆ. ನನಗೂ ಅದೇ ಬೇಕಿತ್ತು — ಹೊಲಿಗೆ, ಪ್ಯಾಕಿಂಗ್, ಅಡುಗೆ, ನಡುವೆ ಮೆಸೇಜು. ಎರಡು ದೋಣಿಯಲ್ಲಿ ಕಾಲಿಟ್ಟವಳಲ್ಲ ನಾನು, ನಾಲ್ಕರಲ್ಲಿ.

೧೧ ಸೆಪ್ಟೆಂಬರ್, ಮಧ್ಯಾಹ್ನ

ಊಟ ಮಾಡುತ್ತ ಹಳೆಯ ಮೆಸೇಜು ನೋಡುತ್ತಿದ್ದೆ. ಸುಮ್ಮನೆ. 'ಉತ್ತರಿಸಲಾಗಿದೆ' ಎಂಬಲ್ಲಿ ಸೇರಿಹೋಗಿದ್ದವು, ಯಾರೂ ತೆರೆಯದವು.

ಒಬ್ಬಾಕೆ ಬರೆದಿದ್ದಾಳೆ: 'ಅಪ್ಪನಿಗೆ ಹೋದ ವಾರ ಎದೆಯಲ್ಲಿ ಪೇಸ್‌ಮೇಕರ್ ಕೂರಿಸಿದ್ದಾರೆ. ಎಡಗೈ ಎತ್ತಬಾರದು ಅಂದಿದ್ದಾರೆ. ಈ ಅಂಗಿ ಹಾಕಬಹುದಾ?'

ಕೆಳಗೆ ನಮ್ಮ ಉತ್ತರ, ಅದೇ ನಿಮಿಷದಲ್ಲಿ: 'ಖಂಡಿತ ಹಾಕಬಹುದು! ನಮ್ಮ ಅಂಗಿ ಎಲ್ಲ ವಯಸ್ಸಿನವರಿಗೂ ಸುರಕ್ಷಿತ.' ಕೊನೆಯಲ್ಲಿ ಒಂದು ಹೂವಿನ ಚಿತ್ರ.

ತಿಳಿಹಸಿರು, ಎಲ್ ಸೈಜು. ಆರ್ಡರ್ ಮಾಡಿದ್ದಾಳೆ. ನಿನ್ನೆ ತಲುಪಿದೆ.

ಅಯಸ್ಕಾಂತ. ಎದೆಯ ಮೇಲೆ. ಪೇಸ್‌ಮೇಕರ್ ಪಕ್ಕದಲ್ಲಿ.

ತಟ್ಟೆ ಬಿಟ್ಟು ಎದ್ದೆ.

ಅದೇ ದಿನ, ಸಂಜೆ

ಮಾವನ ಡಾಕ್ಟರರ ಬಳಿ ಓಡಿದೆ. ಚೀಟಿ ಇಲ್ಲದೆ, ಸರದಿ ತಪ್ಪಿಸಿ, ಹೊರಗೆ ಕೂತವರಿಂದ ಬೈಸಿಕೊಂಡು. ಒಂದು ಅಂಗಿ ಕೈಯಲ್ಲೇ ಇತ್ತು. ಅವರು ಮೇಜಿನ ಮೇಲಿದ್ದ ಪಿನ್ನನ್ನು ಗುಂಡಿಯ ಹತ್ತಿರ ಹಿಡಿದರು. ಪಿನ್ನು ಹಾರಿ ಅಂಟಿತು.

"ಇದನ್ನ ಅವರು ಹಾಕಲೇಬಾರದು. ಅಯಸ್ಕಾಂತ ಹತ್ತಿರ ಬಂದ್ರೆ ಆ ಯಂತ್ರ ತನ್ನ ಕೆಲಸದ ರೀತಿ ಬದಲಾಯಿಸಿಬಿಡಬಹುದು. ದೂರ ಮಾಡಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಆದ್ರೆ ಅಂಗಿ ಅಂದ್ರೆ ದಿನವಿಡೀ ಎದೆ ಮೇಲೇ ಇರೋದಲ್ವಾ?"

"ಏನೂ ಆಗದೇ ಇರಬಹುದಾ, ಡಾಕ್ಟ್ರೇ?"

"ಆಗದೇ ಇರಬಹುದು. ಅದನ್ನ ನಂಬ್ಕೊಂಡು ಕೂರಬೇಡಿ. ತಕ್ಷಣ ತಿಳಿಸಿ."

ಹೇಗೆ ತಿಳಿಸಲಿ? ಆಪ್ ಗಿರಾಕಿಯ ನಂಬರ್ ಕೊಡುವುದಿಲ್ಲ. ದಾರಿಯಲ್ಲಿ ನಡೆಯುತ್ತಲೇ ಮೆಸೇಜು ಹಾಕಿದೆ — ಅಂಗಿ ಹಾಕಬೇಡಿ, ದಯವಿಟ್ಟು, ಕೂಡಲೇ ಫೋನ್ ಮಾಡಿ. ನನ್ನ ನಂಬರ್ ಬರೆದೆ. ಆಪ್ ಅದನ್ನು ಅಳಿಸಿ ನಕ್ಷತ್ರ ಚಿಹ್ನೆ ಮಾಡಿ ಕಳಿಸಿತು. ಫೋನ್ ನಂಬರ್ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧವಂತೆ.

೧೨ ಸೆಪ್ಟೆಂಬರ್

ಆಕೆ ಮೆಸೇಜು ನೋಡಿಲ್ಲ.

ಅಂಗಡಿ ನಿಲ್ಲಿಸಿದೆ. ಸೇಲ್ ನಡುವೆ. ಕೊಂಡವರೆಲ್ಲರಿಗೂ ಒಂದೇ ಎಚ್ಚರಿಕೆ ಕಳಿಸತೊಡಗಿದೆ. ನಾದಿನಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತಳು.

"ಅತ್ತಿಗೆ, ಆ ಒಬ್ಬರಿಗೆ ಹೇಳಿದ್ರೆ ಸಾಕಲ್ವಾ? ಊರಿಗೆಲ್ಲ ಡಂಗುರ ಯಾಕೆ? ಇವತ್ತು ಬಾಗಿಲು ಹಾಕಿದ್ರೆ ಮತ್ತೆ ನಮ್ಮನ್ನ ಯಾರು ಮೇಲೆ ತರ್ತಾರೆ?"

"ಕೇಳಿದೋಳು ಒಬ್ಬಳು. ಕೇಳದೇ ಕೊಂಡೋರು ಎಷ್ಟು ಜನರೋ!"

"ವರ್ಷದಿಂದ ಮಾರ್ತಿದೀವಿ, ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಆಗಿದ್ರೆ ನಮಗೆ ಬಂದು ಹೇಳ್ತಿದ್ರಾ?" ಎಂದೆ. ಆಮೇಲೆ ಅನ್ನಬಾರದ್ದನ್ನೂ ಅಂದೆ. "ಆ ಉತ್ತರ ಬರೆದವಳು ನೀನು."

ಅವಳ ಮುಖ ಸುಣ್ಣವಾಯಿತು. ಬ್ಯಾಗ್ ತೆಗೆದುಕೊಂಡು ಹೊರಟೇಹೋದಳು. ಆಟೋ ರಿಪ್ಲೈ ಹಾಕು ಎಂದವಳು ನಾನೇ. ಬರೆದದ್ದನ್ನು ಓದಿ 'ಚೆನ್ನಾಗಿದೆ ಕಣೇ' ಎಂದವಳೂ ನಾನೇ. ಅದನ್ನು ಹೇಳುವಷ್ಟರಲ್ಲಿ ಗೇಟು ಸದ್ದಾಯಿತು.

ಮಾವ ಎಲ್ಲ ಕೇಳಿಸಿಕೊಂಡಿದ್ದರು. ತೊಟ್ಟಿದ್ದ ಅಂಗಿಯನ್ನು ಟಕ್ ಟಕ್ ಎಂದು ಬಿಚ್ಚಿ ಮೇಜಿನ ಮೇಲಿಟ್ಟರು. ಬನಿಯನ್ನಿನಲ್ಲೇ ಕುಳಿತರು. ಅವರಿಗೆ ಹಾಕಲು ಅಡ್ಡಿಯೇನಿಲ್ಲ ಎಂದರೂ ಕೇಳಲಿಲ್ಲ.

ರಾತ್ರಿ ಆಪ್‌ನಿಂದ ನೋಟಿಸು: ಒಂದೇ ಸಂದೇಶವನ್ನು ಹಲವರಿಗೆ ಕಳಿಸಿದ್ದಕ್ಕೆ ನನ್ನ ಖಾತೆಯ ಮೆಸೇಜ್ ಸೌಲಭ್ಯ ತಡೆಹಿಡಿಯಲಾಗಿದೆ. ಗಾಯದ ಮೇಲೆ ಬರೆ. ಪುಣ್ಯಕ್ಕೆ ಬಹುಪಾಲು ಮೆಸೇಜುಗಳು ಅಷ್ಟರಲ್ಲಿ ಹೋಗಿದ್ದವು.

೧೩ ಸೆಪ್ಟೆಂಬರ್

ಕೊರಿಯರ್ ಅಂಗಡಿಯಾಕೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದೆ. ಆಕೆ ಬಾಯಿಜೋರು, ದಿನಾ ಟೇಪು ಸರಿಯಾಗಿ ಸುತ್ತಿಲ್ಲ ಎಂದು ಬೈಯುವವಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕೂಡಲೇ ಆ ಊರಿನ ಬ್ರಾಂಚಿಗೆ ಫೋನ್ ಹಚ್ಚಿದಳು.

"ಹಲೋ, ನಂಬರ್ ಕೊಡೋಕಾಗಲ್ಲ ಅಂತ ನಂಗೂ ಗೊತ್ತು ಕಣ್ರೀ. ನಂಬರ್ ಬೇಡ. ನಿಮ್ಮವರನ್ನ ಆ ಮನೆಗೆ ಕಳಿಸಿ. ಅಂಗಿ ಹಾಕ್ಬೇಡಿ ಅಂತ ಹೇಳಿ ಬರ್ಲಿ, ಅಷ್ಟೇ. ಒಂದು ಜೀವದ ವಿಷಯ... ಹೂಂ, ತಮಾಷೆ ಮಾಡೋಕೆ ನಂಗೆ ಪುರುಸೊತ್ತಿದೆಯಾ?"

ಅಲ್ಲೇ ಕಾದೆ. ಅವಳೇ ಟೀ ತರಿಸಿದಳು. ಕುಡಿಯಲಾಗಲಿಲ್ಲ. ಮಧ್ಯಾಹ್ನ ಫೋನ್ ಬಂತು. ಆಕೆಯ ಮುಖ ನೋಡಿ ಎದ್ದು ನಿಂತೆ.

"ಮನೆಗೆ ಬೀಗ. ಪಕ್ಕದ ಮನೆಯವರು ಹೇಳಿದ್ರಂತೆ..."

"ಏನು?"

"ಬೆಳಿಗ್ಗೆ ಅಪ್ಪನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರಂತೆ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ.

೧೪ ಸೆಪ್ಟೆಂಬರ್

ಇವರು ರಜೆ ಹಾಕಿದ್ದಾರೆ. ಬಾಡಿಗೆ ಕಾರು ಮಾಡಿಕೊಂಡು ಆ ಊರಿಗೇ ಹೋಗೋಣ ಎಂದರು. ಬೆಳಿಗ್ಗೆಯಿಂದ ಬಟ್ಟೆ ಹಾಕಿಕೊಂಡು ಕುಳಿತಿದ್ದೇವೆ. ಹೋಗಿ ಏನು ಹೇಳುವುದು? ಯಾವ ಆಸ್ಪತ್ರೆ ಎಂದು ಯಾರನ್ನು ಕೇಳುವುದು?

"ಅಂಗಡಿ ಹೋದ್ರೆ ಹೋಗಲಿ, ಬಿಡು" ಎಂದರು ಇವರು.

"ಅಂಗಡಿ ಯಾರಿಗ್ರೀ ಬೇಕು!" ಎಂದು ಅವರ ಮೇಲೇ ಹಾರಿದೆ. ಪಾಪ.

ಅದೇ ದಿನ, ಹನ್ನೊಂದೂವರೆ

ಬಂತು!

ಫೋನು ಟಿಂಗ್ ಎಂದಿತು. ಹೊಸ ವಿಮರ್ಶೆ. ಒಂದು ನಕ್ಷತ್ರ. ತಿಳಿಹಸಿರು, ಎಲ್ ಸೈಜು.

'ಕೇಳಿದ್ದು ತಿಳಿಹಸಿರು. ಕಳಿಸಿದ್ದು ಗುಲಾಬಿ ಗೆರೆ. ಅಪ್ಪ ನೋಡಿದ ಕೂಡಲೇ ಬೇಡ ಎಂದರು, ಮುಟ್ಟಲೂ ಇಲ್ಲ. ಕವರಿನಲ್ಲೇ ಬಿದ್ದಿದೆ. ಇಂಥ ಬೇಜವಾಬ್ದಾರಿ ಅಂಗಡಿ ಇನ್ನೊಂದಿಲ್ಲ. ಒಂದು ನಕ್ಷತ್ರವೂ ದಂಡ.'

ಮುಟ್ಟಲೂ ಇಲ್ಲ!

ಫೋನನ್ನು ಇವರ ಕೈಗಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ. ಇವರು ಓದಿದರು. ಮಾವನಿಗೂ ಓದಿ ಹೇಳಿದರು. ಮಾವ, "ಗುಲಾಬಿ ಯಾರು ಹಾಕ್ತಾರಮ್ಮ ಈ ವಯಸ್ಸಲ್ಲಿ" ಎಂದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ.

ಆ ಗಡಿಬಿಡಿಯಲ್ಲಿ ಯಾವ ಕವರಿಗೆ ಯಾವ ಚೀಟಿ ಅಂಟಿತೋ! ಅಂಟಿಸಿದವರು ಇವರು. ನೆನಪಿಸಿದೆ. ಎದೆ ಸೆಟೆಸಿ ಕುಳಿತರು.

ಸಂಜೆ

ವಿಮರ್ಶೆಯ ಕೆಳಗೆ ಉತ್ತರ ಬರೆಯುವ ಜಾಗವಿದೆ, ಅದನ್ನು ತಡೆಹಿಡಿದಿಲ್ಲ. ಎಲ್ಲರಿಗೂ ಕಾಣುವಂತೆ ಬರೆದೆ — ಆ ಅಂಗಿಯಲ್ಲಿ ಅಯಸ್ಕಾಂತವಿದೆ, ಪೇಸ್‌ಮೇಕರ್ ಇದ್ದವರು ಹಾಕಕೂಡದು, ಹಾಕಬಹುದು ಎಂದದ್ದು ನಮ್ಮ ತಪ್ಪು. ನಂಬರನ್ನು ಈ ಸಲ ಅಕ್ಷರದಲ್ಲಿ ಬರೆದೆ: ಒಂಬತ್ತು, ಎಂಟು... ಆಪ್‌ಗೆ ಗೊತ್ತಾಗಲಿಲ್ಲ. ಒಂದು ಗಂಟೆಯಲ್ಲಿ ಫೋನ್.

"ನೀವೇ ಹಾಕಬಹುದು ಅಂದಿದ್ರಲ್ಲ?" ಎಂದಳು ಆಕೆ.

"ಅಂದಿದ್ವಿ. ಓದದೇನೇ ಅಂದಿದ್ವಿ. ನೆಪ ಹೇಳಲ್ಲಮ್ಮ, ತಪ್ಪು ನಮ್ಮದೇ. ಅಪ್ಪ ಹೇಗಿದಾರೆ? ಆಸ್ಪತ್ರೆ ಅಂದ್ರು..."

"ನಿನ್ನೆನಾ? ಹೊಲಿಗೆ ಬಿಚ್ಚಿಸೋಕೆ ಹೋಗಿದ್ವಿ. ಚೆನ್ನಾಗಿದಾರೆ. ಅದಕ್ಕೇನಾ ಕೊರಿಯರಿನವರು ಮನೆ ಹತ್ರ ಬಂದಿದ್ದು? ನಾನು ದುಡ್ಡು ಕೇಳೋಕೆ ಅನ್ಕೊಂಡೆ."

ಹಿಂದಿನಿಂದ ಮುದುಕರ ದನಿ, ಕಂಚಿನ ಕಂಠ: "ಯಾರೇ ಅದು? ಆ ಗುಲಾಬಿಯವರಾ? ಬಂದು ವಾಪಸ್ ತಗೊಂಡು ಹೋಗೋಕೆ ಹೇಳು! ನಾನೇನು ಮದುಮಗನಾ?"

ಅಷ್ಟು ಹಾಯೆನಿಸುವ ಬೈಗುಳವನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೂ ಬೈಯಲಿ, ಆ ಎದೆಯಿಂದ ಇನ್ನೂ ಜೋರಾಗಿ ಬರಲಿ ಎನಿಸಿತು.

ಆಕೆಯೂ ನಕ್ಕಳು. ಫೋನ್ ಇಡುವ ಮೊದಲು ಹೇಳಿದಳು, "ನೀವು ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಕ್ಷತ್ರ ಒಂದೇ ಇರಲಿ."

"ಇರಲಿ ಇರಲಿ" ಎಂದೆ.

೧೫ ಸೆಪ್ಟೆಂಬರ್

ನಿನ್ನೆ ಆಮೇಲೆ ಹನ್ನೆರಡು ಗಂಟೆ ಸತತ ಮಲಗಿದೆ. ಅಡುಗೆ ಯಾರು ಮಾಡಿದರೋ.

೩೦ ಸೆಪ್ಟೆಂಬರ್

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ, ಅದೇ ಸುಖ. ಕೆಲವು ಅಂಗಿಗಳು ವಾಪಸ್ ಬಂದವು. ಒಬ್ಬರು ಬರೆದಿದ್ದರು: 'ನಮ್ಮ ದೊಡ್ಡಪ್ಪನಿಗೆ ಕೊಡಬೇಕೆಂದು ತೆಗೆದಿಟ್ಟಿದ್ದೆ, ಅವರಿಗೂ ಪೇಸ್‌ಮೇಕರ್ ಇದೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್.' ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ನೆಟ್ಟಗೆ ನಾದಿನಿಯ ಮನೆಗೆ ಹೋದೆ.

ಬಾಗಿಲು ತೆಗೆದವಳು ದಾರಿ ಬಿಡಲಿಲ್ಲ. ಫೋನ್ ಕೊಟ್ಟೆ. ಓದಿದಳು.

"ನಾನು ಆವತ್ತು ಅಂದಿದ್ದು ತಪ್ಪು. ಆ ಉತ್ತರ ನಿನ್ನೊಬ್ಬಳದಲ್ಲ" ಎಂದೆ.

"ನನಗೆ ಗೊತ್ತು ಅತ್ತಿಗೆ. ಆದ್ರೂ... ನಮ್ಮಪ್ಪನಿಗೇ ಹೀಗಾಗಿದ್ರೆ ಅಂತ ಎಷ್ಟು ಸಲ ಅನ್ಕೊಂಡೆ ಗೊತ್ತಾ?" ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಬನ್ನಿ ಒಳಗೆ. ಯಾಕೆ ಸಾಲ ಕೇಳೋಕೆ ಬಂದೋರ ಥರ ನಿಂತಿದೀರಿ?"

೮ ಅಕ್ಟೋಬರ್

ಅಂಗಡಿ ಮತ್ತೆ ತೆರೆದಿದೆ. ಹಾವು-ಏಣಿ ಆಟದಲ್ಲಿ ಬಾಲದ ಬುಡಕ್ಕೆ ಬಿದ್ದಿದ್ದೇವೆ. ದಿನಕ್ಕೊಂದು ಆರ್ಡರ್ ಬಂದರೆ ಹೆಚ್ಚು. ಅರ್ಧ ದಿನ ಬೇರೆಯವರ ಸೀರೆಗೆ ಫಾಲ್ ಹೊಲಿದು ಕೊಡುತ್ತಿದ್ದೇನೆ. ಆದರೂ ಫೋನ್ ಟಿಂಗ್ ಎಂದರೆ ಎದೆ ಝಲ್ಲೆನ್ನುವುದಿಲ್ಲ. ಪ್ರಶ್ನೆಗಳನ್ನು ನಾವೇ ಓದುತ್ತೇವೆ.

ಹೊಸ ಅಂಗಿಗೆ ಅಯಸ್ಕಾಂತವಿಲ್ಲ, ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ. ಮಾವ ಮೊದಲ ಸಲ ಎಳೆದಾಗ ಪರ್ರ್ ಎಂದಿತು. "ಹರಿದೇಹೋಯ್ತು!" ಎಂದು ಗಾಬರಿಯಾದರು. ನಾದಿನಿ ಬಿದ್ದು ಬಿದ್ದು ನಕ್ಕಳು. ಸದ್ದು ಕಡಿಮೆ ಮಾಡಲು ಚಿಕ್ಕ ಚಿಕ್ಕ ತುಂಡು ಹಾಕಿ ನೋಡಬೇಕು.

೨೧ ಅಕ್ಟೋಬರ್, ಬೆಳಿಗ್ಗೆ

ಇವತ್ತು ಮೂರು ಕವರು. ಪ್ಯಾಕ್ ಮಾಡುತ್ತಿದ್ದೆ. ಮಾವ ಹೊಸ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಕೋಲು ಹಿಡಿದು ಹೊರಟರು. ಸ್ಟ್ರೋಕ್ ಆದಮೇಲೆ ಒಬ್ಬರೇ ಗೇಟು ದಾಟಿದವರಲ್ಲ.

"ಎಲ್ಲಿಗೆ ಮಾವ? ತಡೀರಿ, ಬಂದೆ ನಾನೂ."

"ಅಂಗಿ ನಾನೇ ಹಾಕ್ಕೊಂಡಿದೀನಿ. ಎಲ್ಲಿಗೆ ಹೋಗ್ಬೇಕು ಅಂತಾನೂ ನಾನೇ ನೋಡ್ಕೋತೀನಿ."

ಹಿಂದೆ ಹೋಗಲಿಲ್ಲ. ಕಿಟಕಿಗೆ ಬಂದು ನಿಂತಿದ್ದೇನೆ, ಇಲ್ಲೇ ಡೈರಿಯನ್ನು ಗೋಡೆಗೆ ಒತ್ತಿಟ್ಟು ಬರೆಯುತ್ತಿದ್ದೇನೆ. ನಿಧಾನ. ಮೂರು ಮನೆ ದಾಟಿದರು. ಔಷಧಿ ಅಂಗಡಿಯ ಮುಂದೆ ನಿಂತರು. ಬೆಂಚಿನ ಮೇಲೆ ಅವರ ವಯಸ್ಸಿನವರೇ ಒಬ್ಬರು, ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದಾರೆ. ಮಾವ ಕೋಲನ್ನು ಬೆಂಚಿಗೆ ಒರಗಿಸಿದರು. ಅಯ್ಯೋ, ನಡುಬೀದಿಯಲ್ಲಿ ಅಂಗಿ ಬಿಚ್ಚಿ ತೋರಿಸುತ್ತಿದ್ದಾರೆ, ಮತ್ತೆ ಹಾಕುತ್ತಿದ್ದಾರೆ, ಆ ಮನುಷ್ಯ ಎದ್ದು ನಿಂತು ಕಾಲರ್ ಮುಟ್ಟಿ ನೋಡುತ್ತಾ... ಇಬ್ಬರೂ ಈ ಕಡೆಗೇ ತಿರುಗಿ ಕೈ ತೋರಿಸುತ್ತ ಬರುತ್ತಿದ್ದಾರೆ. ಅಳತೆಯ ಟೇಪು ಎಲ್ಲಿಟ್ಟೆನೋ!