ಸಂದರ್ಶನಕ್ಕೆ ಬೇಕಾದ ವಿವರ

ಎಚ್.ಡಿ. ಕೋಟೆ
ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಸ್ಪಂದನಾ,

ನಿನ್ನ ಅರ್ಜಿ ಬಸ್ ಕಂಡಕ್ಟರ್ ಕೈಯಲ್ಲಿ ಬಂದು ಸೇರಿತು. ತಿದ್ದಿಕೊಡು ಅಂದಿದ್ದೀಯ, ತಿದ್ದುವುದಕ್ಕೆ ಏನೂ ಇಲ್ಲ ಕಣೇ. 'ಮಾನ್ಯರೇ' ಇದೆ, ವಿಷಯ ಇದೆ, ಸಂದರ್ಶನಕ್ಕೆ ಅವಕಾಶ ಕೊಡಿ ಅಂತ ಎಷ್ಟು ವಿನಯವಾಗಿ ಕೇಳಿದ್ದೀಯ! ಆದರೆ ಇದನ್ನು ಕಳಿಸುವುದು ಬೇಡ. ಫೋನಿನಲ್ಲೇ ಹೇಳೋಣವೆಂದರೆ ಮನೆಯಲ್ಲಿ ನಿನ್ನ ಫೋನ್ ಬಡಿದುಕೊಂಡರೂ ನಮ್ಮಪ್ಪನೇ ಎತ್ತಿ ಸ್ಪೀಕರ್ ಹಾಕುವವರು, ಪಕ್ಕದಲ್ಲಿ ಚಲುವರಾಜು ಮಾವ ಇದ್ದೇ ಇರುತ್ತಾರೆ. ಈ ಹೋಂಸ್ಟೇ ಕೆಲಸ ಹುಡುಕಿ ತಂದವರೇ ಅವರಲ್ಲವೇ?

ಕೊನೆಯಲ್ಲಿ 'ನಾನು ಮೂಲಾ ನಕ್ಷತ್ರದವಳು, ಕಾಲು ಮುಂದಾಗಿ ಹುಟ್ಟಿದವಳು' ಅಂತ ಬರೆದಿದ್ದೀಯ. ಬರೆಯಲೇಬೇಕು ಅಂತ ಮಾವ ಅಂದರಂತೆ. ಅಲ್ಲಾ ಕಣೇ, ಬಂದವರಿಗೆ ರೂಮಿನ ಕೀ ಕೊಡುವವಳು ಹೇಗೆ ಹುಟ್ಟಿದರೆ ಇವರಿಗೇನು? ಸೊಂಟ ಉಳುಕಿದವರು ಮನೆಗೆ ಬಂದು ನಿನ್ನ ಕಾಲಲ್ಲಿ ಒದೆಸಿಕೊಂಡು ಹೋಗುವುದು ನಮಗೆ ತಮಾಷೆ. ಆದರೆ ಹಾಗೆ ಹುಟ್ಟಿದವರನ್ನು ನಿಧಿ ತೆಗೆಯುವವರೂ ಬಲಿಗೆಂದು ಹುಡುಕುತ್ತಾರೆ. ಅಜ್ಜಿ ಇದೇ ಭಯಕ್ಕೆ ನಿನ್ನನ್ನು ಒಬ್ಬಳೇ ಹೊಲಕ್ಕೆ ಬಿಡುತ್ತಿರಲಿಲ್ಲ.

ಮನಸ್ಸು ತಡೆಯದೆ ಬೆಳಿಗ್ಗೆ ನಿನ್ನ ಭಾವನ ಆಟೋದಲ್ಲಿ ಅರ್ಜಿಯ ಮೇಲಿದ್ದ ವಿಳಾಸಕ್ಕೆ ಹೋಗಿದ್ದೆ. ಕಾಡಂಚಿನಲ್ಲಿ ಒಂದು ಪಾಳು ಗುಡಿ, ಪಕ್ಕದಲ್ಲಿ ಶೀಟಿನ ಮನೆ. ಬೋರ್ಡಿಲ್ಲ, ಒಂದು ಮಂಚವೂ ಇಲ್ಲ. ಗುಡಿಯ ಹಿಂದೆ ಆಳುದ್ದ ಗುಂಡಿ ತೋಡಿ ಟಾರ್ಪಾಲು ಮುಚ್ಚಿದ್ದಾರೆ, ಸುತ್ತ ಕುಂಕುಮ ಮೆತ್ತಿದ ನಿಂಬೆಹಣ್ಣು. ಅಲ್ಲಿ ಕುರಿ ಮೇಯಿಸುತ್ತಿದ್ದ ಚಿಕ್ಕಸಿದ್ದಮ್ಮ ಅನ್ನುವ ಮುದುಕಿಯನ್ನು ಕೇಳಿದೆ. "ಓಟ್ಲೂ ಇಲ್ಲ ಗೀಟ್ಲೂ ಇಲ್ಲ ಕಣವ್ವ. ಇವತ್ತು ಅಮಾಸೆ, ಅದೇನೋ ಪೂಜೆ ಅಂತೆ. ನೀ ಇಲ್ಲಿ ನಿಂತ್ಕಬ್ಯಾಡ, ಓಗು" ಅಂದಳು.

ಅರ್ಜಿ ನನ್ನ ಹತ್ತಿರವೇ ಇರಲಿ. ಕೆಲಸ ಇವತ್ತಲ್ಲ ನಾಳೆ ಸಿಕ್ಕೀತು, ನಿನ್ನನ್ನು ಎಲ್ಲಿಂದ ತರಲಿ? ನನಗೆ ಭಯವಾಗುತ್ತಿದೆ ಕಣೇ. ಈ ಪತ್ರವನ್ನು ಈಗಿನ ಬಸ್ಸಿಗೇ ಕೊಡುತ್ತೇನೆ. ಭಾವ ಬಾಡಿಗೆ ಮುಗಿಸಿ ಬಂದ ಕೂಡಲೇ ಇಬ್ಬರೂ ಹನಗೋಡಿಗೆ ಹೊರಟು ಬಂದು ಅಪ್ಪನಿಗೆ ಬಿಡಿಸಿ ಹೇಳುತ್ತೇವೆ. ಅಲ್ಲಿಯವರೆಗೆ ಯಾರು ಕರೆದರೂ ಹೊಸಿಲು ದಾಟಬೇಡ, ಅಮ್ಮನ ಆಣೆ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಪ್ರಮೀಳಾ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮನ ಫೋನ್ ಬಂತು. ಎಷ್ಟು ಸಂಭ್ರಮ ಅವಳಿಗೆ! ಅರ್ಜಿ ಗಿರ್ಜಿ ಏನೂ ಬೇಡ, ನೇರವಾಗಿ ಇಂಟರ್‌ವ್ಯೂ ಅಂತ ಮಾವ ಜೀಪು ತಂದಿದ್ದರಂತೆ. ಉಟ್ಟುಕೊಳ್ಳಲು ಹೊಸ ಸೀರೆಯನ್ನೂ ಅವರೇ ಕೊಟ್ಟರಂತೆ. ನೀನು ಹತ್ತಿ ಹೋಗಿ ಬಹಳ ಹೊತ್ತಾಯಿತಂತೆ. ನಿನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ. ಈ ಪತ್ರ ಇನ್ನು ನಿನಗಲ್ಲ ಸ್ಪಂದನಾ, ಇದನ್ನೇ ಹಿಡಿದುಕೊಂಡು ಠಾಣೆಗೆ ಓಡುತ್ತಿದ್ದೇನೆ. ಫೋಟೊ ಕೇಳುತ್ತಾರಲ್ಲ, ನನ್ನ ಮದುವೆ ಆಲ್ಬಮ್ಮಿನಿಂದ ನಿನ್ನದೊಂದನ್ನು ಹರಿದುಕೊಂಡಿದ್ದೇನೆ.