ಅಪ್ಪನ ಮಾತ್ರೆ ಹುಟ್ಟಿದ ಜಾಗ

ಅಪ್ಪಾ,

ಸಿಕ್ಕೇಬಿಟ್ಟಿತು! ದಿನಾ ಬೆಳಿಗ್ಗೆ ಲಿಥಿಯಂ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, “ನನ್ನ ತಲೆ ನೆಟ್ಟಗಿಡೋ ಈ ಉಪ್ಪು ಎಲ್ಲಿಂದ ಬರತ್ತೆ, ಮಗಳೇ?” ಎಂದು ಕೇಳುತ್ತಿದ್ದೆಯಲ್ಲ? ನಕ್ಷತ್ರಗಳು ತಮ್ಮೊಳಗಿನ ಲಿಥಿಯಂ ಅನ್ನು ಸುಟ್ಟು ಮುಗಿಸುತ್ತವೆ; ಹಾಗಿದ್ದೂ ಲೋಕದಲ್ಲಿ ಇಷ್ಟೊಂದು ಇರುವುದು ಹೇಗೆಂದು ಆಗ ನನಗೂ ಗೊತ್ತಿರಲಿಲ್ಲ.

ಇವತ್ತು ನಮ್ಮ ವೀಕ್ಷಣಾಲಯದಲ್ಲಿ, ಸಿಡಿದ ನಕ್ಷತ್ರವೊಂದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕೆಂಪಿನ ನಡುವೆ ಲಿಥಿಯಂ ಗೆರೆ ಕಂಡಿತು. ನಮ್ಮ ಮುಖ್ಯಸ್ಥೆ, “ದೂರದರ್ಶಕದ ಗಾಜಿನ ಮೇಲೆ ಧೂಳು ಕೂತಿರತ್ತೆ, ಒರೆಸು” ಅಂದರು. ಒರೆಸಿದೆ. ಗೆರೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಿಡಿತವೇ ಅದನ್ನು ಹುಟ್ಟಿಸುತ್ತದೆ, ಅಪ್ಪಾ!

ನೀನು ಸೀಲು ಒಡೆಯದೆ ಬಿಟ್ಟುಹೋದ ಕೊನೆಯ ಮಾತ್ರೆ ಡಬ್ಬಿ ನನ್ನ ಮೇಜಿನ ಮೇಲೇ ಇರುತ್ತದೆ. ಅದನ್ನೆತ್ತಿ ಗಿಲಗಿಲ ಅಲ್ಲಾಡಿಸಿ, ಇಡೀ ಕೋಣೆಗೆ ಕೇಳುವಂತೆ ಕೂಗಿದೆ: “ನೋಡಿ, ನಮ್ಮಪ್ಪನಿಗೆ ಅಂತ ನಕ್ಷತ್ರ ಸಿಡಿದು ಕಳಿಸಿದ್ದು ಇದು!”