ರಾಣಿಯ ಸಾವನ್ನು ಚೀರಾಟವೆಂದು ಬರೆದ ಕಚೇರಿಗೆ

ಸಾರ್ವಜನಿಕ ಸಭಾಂಗಣಗಳ ಮಾನ್ಯ ಅಧಿಕಾರಿಗಳೇ,

ನಮ್ಮ ಹವ್ಯಾಸಿ ಒಪೆರಾ ತಂಡಕ್ಕೆ ಅಭ್ಯಾಸಕ್ಕೂ ಪ್ರದರ್ಶನಕ್ಕೂ ಎಂದು ಎರಡು ತಿಂಗಳ ಮೊದಲೇ ಕೊಟ್ಟಿದ್ದ ಸಭಾಂಗಣವನ್ನು, ಪ್ರದರ್ಶನಕ್ಕೆ ಮೂರೇ ದಿನ ಇರುವಾಗ ತಾವು ಕಿತ್ತುಕೊಂಡಿರಿ. ಕಾರಣ, ತಮ್ಮದೇ ಮಾತಿನಲ್ಲಿ: 'ಅಭ್ಯಾಸದ ವೇಳೆ ಹೆಂಗಸೊಬ್ಬರ ಅಕಾರಣ ಚೀರಾಟ.' ಅಕಾರಣವೇ? ಮಾನ್ಯರೇ, ಆಕೆ ರಾಣಿ. ಗಂಡ ಯುದ್ಧದಲ್ಲಿ ಸೋತಿದ್ದಾನೆ, ಒಡಹುಟ್ಟಿದ ತಂಗಿಯೇ ವಿಷ ಹಾಕಿದ್ದಾಳೆ, ಅರಮನೆಗೆ ಬೆಂಕಿ ಬಿದ್ದಿದೆ. ಒಂದು ಚೀರಾಟ ಸಕಾರಣವೆನಿಸಲು ತಮ್ಮ ಕಚೇರಿಯ ಪ್ರಕಾರ ಕನಿಷ್ಠ ಎಷ್ಟು ಅನಾಹುತಗಳಾಗಬೇಕು?

ಒಪೆರಾ ಎಂದರೇನೆಂದು ತಮಗೆ ತಿಳಿಯದಿದ್ದರೆ ತಪ್ಪಿಲ್ಲ. ಆರು ವರ್ಷದ ಹಿಂದೆ ನನಗೂ ತಿಳಿದಿರಲಿಲ್ಲ. ಮಾತಾಡಿದರೆ ಎರಡು ನಿಮಿಷಕ್ಕೆ ಮುಗಿಯುವ ಜಗಳವನ್ನು ಇಪ್ಪತ್ತು ನಿಮಿಷ ಹಾಡಿಯೂ ಬಗೆಹರಿಸದೆ ಬಿಡುವುದೇ ಒಪೆರಾ. ತಮ್ಮ ಇಲಾಖೆಯ ಸಭೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ರಾಗದ್ದು ಮಾತ್ರ. ನಾವು ಹನ್ನೊಂದು ಜನ. ನಮ್ಮ ರಾಜ ಹಲ್ಲಿನ ಡಾಕ್ಟರು. ಊರಿನವರ ಬಾಯಿ ತೆರೆಸುತ್ತಾರೆ, ಸ್ವಂತದ್ದನ್ನು ಮುಚ್ಚುವುದಿಲ್ಲ. ಪಿಯಾನೋ ನುಡಿಸುವವನು ದರ್ಜಿ. ನಾನು ಬೀಗ ಮಾರುವವನು, ರಿಪೇರಿ ಮಾಡುವವನು.

ರಾಣಿ ನನ್ನ ಅತ್ತಿಗೆ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಅಣ್ಣ ಹೋದ ಮೇಲೆ ಒಂದು ವರ್ಷ ಅವರ ಬಾಯಿಂದ 'ಹೂಂ', 'ಉಹೂಂ' ಬಿಟ್ಟು ಮೂರನೆಯ ಶಬ್ದ ಹೊರಟಿರಲಿಲ್ಲ. ಒಂದು ಸಂಜೆ ನಮ್ಮ ಸೈನಿಕರ ಪಾತ್ರಗಳಿಗೆ ಇಸ್ತ್ರಿ ಮಾಡಿದ ಅಂಗಿಗಳನ್ನು ಕೊಡಲು ನಮ್ಮ ಅಭ್ಯಾಸದ ಕೋಣೆಗೆ ಬಂದರು. ಆಗ ರಾಣಿಯಾಗಿದ್ದ ಶಾಲೆಯ ಮೇಡಂ ಮೇಲಿನ ಸ್ವರಕ್ಕೆ ಏರಲಾರದೆ ಮೂರನೇ ಸಲ ಕೆಮ್ಮಿ ನಿಂತರು. ಆ ಸ್ವರ ಬಾಗಿಲ ಕಡೆಯಿಂದ ಬಂತು. ತೋಳಿನ ಮೇಲೆ ಎಂಟು ಅಂಗಿ ಹೊತ್ತುಕೊಂಡೇ ಅತ್ತಿಗೆ ಹಾಡುತ್ತಿದ್ದರು.

ದರ್ಜಿ ಕೈ ನಿಲ್ಲಿಸಿ, "ಅಕ್ಕಾ, ಇಷ್ಟು ದಿನ ಇದನ್ನ ಎಲ್ಲಿ ಮಡಚಿ ಇಟ್ಟಿದ್ರಿ?" ಎಂದ.

"ಉಸ್ಸಪ್ಪಾ! ಈ ರಾಣಿ ಕೆಲ್ಸ ನೀವೇ ಮಾಡ್ಕೊಳ್ಳಿ, ನಂಗೆ ದಾಸಿ ಪಾತ್ರ ಸಾಕು" ಎಂದು ಮೇಡಂ ಕುರ್ಚಿಗೆ ಒರಗಿದರು. ಅತ್ತಿಗೆ ನಕ್ಕರು. ಒಂದು ವರ್ಷದ ನಂತರ. ತಮ್ಮ ಕಡತದಲ್ಲಿರುವ ಚೀರಾಟದ ಪೂರ್ವಚರಿತ್ರೆ ಇದು.

ಪ್ರದರ್ಶನದ ದಿನ ಸುದ್ದಿ ತಿಳಿಯದ ಅರವತ್ತು ಜನ ಬಂದೇಬಿಟ್ಟರು. ಬಾಗಿಲಿಗೆ ಬೀಗ. ಹಾಕಿದ್ದು ತಮ್ಮ ಕಚೇರಿ, ಮಾರಿದ್ದು ನಾನು! ತೆಗೆಯುವುದು ಅರ್ಧ ನಿಮಿಷದ ಕೆಲಸ. ಎಲ್ಲರೂ ನನ್ನ ಮುಖ ನೋಡಿದರು. ಕೈ ತುರಿಸಿದ್ದೂ ನಿಜ. "ಬೇಡ ಕಣಯ್ಯಾ, ಕಳ್ಳರ ಹಾಗೆ ನುಗ್ಗೋಕೆ ಅದು ನಮ್ ಅರಮನೆ ಅಲ್ವಾ?" ಎಂದ ಅತ್ತಿಗೆ ಹೊರಗಿನ ಮೆಟ್ಟಿಲ ಮೇಲೆಯೇ ನಿಂತು ಹಾಡತೊಡಗಿದರು.

ಮೊದಲ ಹಾಡು ಮುಗಿಯುವಷ್ಟರಲ್ಲಿ ಎದುರು ಮನೆಯ ಕಿಟಕಿ ದಢಾರನೆ ತೆರೆಯಿತು. ತಮಗೆ ದೂರು ಕೊಟ್ಟವರೇ, ನಿವೃತ್ತ ರೈಲ್ವೆ ಗಾರ್ಡ್. "ರೀ, ನಿಲ್ಸಿ!" ನಾವು ಹನ್ನೊಂದು ಜನ ಕಲ್ಲಾದೆವು.

"ನಾನ್ ಬಂದ್ಮೇಲೆ ಮೊದಲಿಂದ ಶುರು ಮಾಡಿ! ಎರಡು ತಿಂಗಳಿಂದ ಆಯಮ್ಮ ಸಾಯೋದೊಂದೇ ಕೇಳಿಸ್ತಿದೆ. ಯಾಕೆ ಸಾಯ್ತಾಳೆ ಅಂತ ಗೊತ್ತಾಗ್ದೆ ತಲೆ ಕೆಟ್ಟೋಗಿದೆ!"

ತಪ್ಪು ನಮ್ಮದೇ, ಕಷ್ಟದ ದೃಶ್ಯವೆಂದು ದಿನವೂ ಅದನ್ನೇ ತಿದ್ದುತ್ತಿದ್ದೆವು. ಗಾರ್ಡ್ ಸಾಹೇಬರು ಕುರ್ಚಿ ಹೊತ್ತು ಇಳಿದು ಬಂದು ಮುಂದೆಯೇ ಕೂತರು. ಕೊನೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಅತ್ತಿಗೆಗೆ ಹೇಳಿದರು: "ಆ ತಂಗೀನ ಮಾತ್ರ ಸುಮ್ನೆ ಬಿಡಬೇಡಮ್ಮ."

ಮರುದಿನವೇ ಅವರು ದೂರು ಹಿಂಪಡೆಯಲು ತಮ್ಮ ಕಚೇರಿಗೆ ಬಂದರು. "ದೂರು ಕೊಡೋಕೆ ಫಾರಂ ಇದೆ ಸಾರ್, ವಾಪಸ್ ತಗೊಳೋಕೆ ಇಲ್ಲ" ಎಂದರಂತೆ ಕೌಂಟರಿನವರು. ದೂರಿದವರೇ ಚಪ್ಪಾಳೆ ತಟ್ಟಿದ ಮೇಲೂ ದೂರು ಮಾತ್ರ ಚಿರಂಜೀವಿಯೇ?

ಆದ್ದರಿಂದ ಒತ್ತಾಯಿಸುತ್ತೇನೆ: ಮುಂದಿನ ತಿಂಗಳ ಕೊನೆಯ ಭಾನುವಾರ ಸಭಾಂಗಣ ನಮಗೆ ಬೇಕು. ಕಡತದಲ್ಲಿ 'ಚೀರಾಟ' ಹೊಡೆದುಹಾಕಿ 'ಹಾಡು' ಎಂದು ಬರೆಯಿರಿ. ತಾವೂ ಬನ್ನಿ, ಮೊದಲ ಸಾಲಿನಲ್ಲಿ ಗಾರ್ಡ್ ಸಾಹೇಬರ ಪಕ್ಕದ ಕುರ್ಚಿ ತಮ್ಮದು. ಕಥೆ ಅರ್ಥವಾಗದಿದ್ದರೆ ಚಿಂತೆಯಿಲ್ಲ. ತಾವು ಕೇಳಿದರೂ ಕೇಳದಿದ್ದರೂ ಅವರೇ ವಿವರಿಸುತ್ತಾರೆ.

ಇಂತಿ,
ಮೊದಲ ಅಂಕದಲ್ಲೇ ಕೊಲೆಯಾಗಿ, ಉಳಿದ ಹೊತ್ತೆಲ್ಲ ಪರದೆ ಎಳೆಯುವ ಸೇನಾಪತಿ